ಕಲೆಯಿಲ್ಲದ ತುಂಡು

ಹಳೆಯ ಕಥೆಗಳ ವೀರರಿಗೆಲ್ಲ ಒಂದೊಂದು ಆಯುಧವಿರುತ್ತದೆ. ಒಬ್ಬನಿಗೆ ಗದೆ, ಒಬ್ಬನಿಗೆ ಬಿಲ್ಲು, ಮತ್ತೊಬ್ಬನಿಗೆ ಮಂತ್ರಿಸಿದ ಕತ್ತಿ. ಎರಡು ತುಂಡಕ್ಕನಿಗೆ ಇದ್ದದ್ದು ನಾಲ್ಕು ಬೆರಳುದ್ದದ ಒಂದು ಕತ್ತರಿ. ಆ ಕತ್ತರಿಯ ಹೆಸರು ಕೇಳಿ ಕೊಲೆಗಾರರು ಊರು ಬಿಟ್ಟಿದ್ದಾರೆ, ಕೋರ್ಟಿಗೆ ಹುಲಿಯ ಹಾಗೆ ಬಂದ ವಕೀಲರು ಇಲಿಯ ಹಾಗೆ ಹಿಂತಿರುಗಿದ್ದಾರೆ, ಮಾರುಕಟ್ಟೆಯ ಕಲ್ಲಂಗಡಿ ವ್ಯಾಪಾರಿಯಂತೂ ಅವಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಹಣ್ಣಿನ ರಾಶಿಯ ಮೇಲೆ ಗೋಣಿ ಎಳೆದು ಎತ್ತಲೋ ನೋಡುತ್ತ ನಿಲ್ಲುತ್ತಿದ್ದ.

ಮೊದಲ ಎರಡು ಮಾತಿಗೆ ಸಾಕ್ಷಿ ಇಲ್ಲ. ಕಲ್ಲಂಗಡಿಯವನ ಮಾತು ಮಾತ್ರ ಅಕ್ಷರಶಃ ನಿಜ. ಅವನು ರೂಢಿಯಂತೆ ಹಣ್ಣಿನಲ್ಲಿ ಮುಕ್ಕೋಣವಾಗಿ ಒಂದು ತುಂಡು ಕೊಯ್ದು, ಕೆಂಪಗಿರುವುದನ್ನು ತೋರಿಸಿ, ಇನ್ನೇನು ತೂಗಬೇಕು, ಆಗ ಅಕ್ಕ ತಡೆದಳು. "ಇದು ನಿನಗೆ ಬೇಕಾದ ಕಡೆ ಕೊಯ್ದದ್ದು. ಈಗ ನಾನು ತೋರಿಸಿದ ಕಡೆ ಇನ್ನೊಂದು ತುಂಡು ಕೊಯ್ಯಿ." ಇನ್ನೊಂದು ಕಡೆ ಬೆಳ್ಳಗಿತ್ತು. ಅವತ್ತಿನಿಂದ ಅವರಿಬ್ಬರ ನಡುವೆ ಮಾತಿಲ್ಲ.

ಮದುವೆಯಾದ ಹೊಸದರಲ್ಲಿ ಗಂಡ ಅವಳನ್ನು ನೋಡಿ, "ಇವತ್ತು ಬಹಳ ಚೆನ್ನಾಗಿ ಕಾಣ್ತಿದೀಯ" ಎಂದನಂತೆ. ಅವಳು ತಲೆ ಎತ್ತದೆ, "ನಿನ್ನೆ ಹೇಗೆ ಕಾಣ್ತಿದ್ದೆ, ಅದನ್ನ ಮೊದಲು ಹೇಳಿ" ಎಂದಳಂತೆ. ಪಾಪ, ಆ ಮನುಷ್ಯ ಮೂವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾನೆ. ಮಗಳಿಗೆ ಜ್ವರ ಬಂದರೆ ಥರ್ಮಾಮೀಟರ್ ಮೊದಲು ಹೋಗುವುದು ಗಂಡನ ಬಾಯಿಗೆ. ಜ್ವರವಿಲ್ಲದವನ ಬಿಸಿ ಎಷ್ಟೆಂದು ಗೊತ್ತಾಗದೆ ರೋಗಿಯ ಬಿಸಿಯನ್ನು ನಂಬುವುದು ಹೇಗೆ? ಜ್ವರವೆಂದರೆ ಏನೆಂದು ಅರಿಯದ ಆ ಮನುಷ್ಯ ತಿಂಗಳಿಗೊಮ್ಮೆ ಬಾಯಲ್ಲಿ ಗಾಜಿನ ಕಡ್ಡಿ ಕಚ್ಚಿಕೊಂಡು, ಹೊಲಿಗೆ ಯಂತ್ರದ ಮುಂದೆ ಮೂಕನಂತೆ ಕೂತಿರುತ್ತಿದ್ದ.

ಇದು ಅವಳಿಗೆ ಕಸುಬಿನಿಂದ ಅಂಟಿದ ಜಾಡ್ಯ. ಹಳೆಯ ಆಸ್ಪತ್ರೆಯ ಹಿಂದೆ, ಲಾಂಡ್ರಿಗೂ ಶವಾಗಾರಕ್ಕೂ ನಡುವೆ, ಎರಡು ಮಹಡಿಯ ಒಂದು ಕಟ್ಟಡ. ಅದರ ಮೇಲಿನ ಮಹಡಿಯಲ್ಲಿ ಅಪರಾಧ ಪ್ರಯೋಗಾಲಯದ ರಕ್ತ ವಿಭಾಗ. ಮೂರು ಫ್ರಿಜ್ಜು, ಒಂದು ಕಾಲು ಕುಂಟುವ ಮೇಜು, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತ ಎರಡು ಮೈಕ್ರೋಸ್ಕೋಪು. ಅಲ್ಲಿಗೆ ಅರಗಿನ ಮುದ್ರೆ ಒತ್ತಿದ ಕಂದು ಕಾಗದದ ಪೊಟ್ಟಣಗಳು ಬರುತ್ತವೆ. ಒಳಗೆ ಅಂಗಿ, ಚಾದರ, ಚಾಕು, ಕೆಲವೊಮ್ಮೆ ಒಂಟಿ ಚಪ್ಪಲಿ. ಕಲೆ ರಕ್ತದ್ದೋ ತುಕ್ಕಿನದ್ದೋ, ರಕ್ತವಾದರೆ ಮನುಷ್ಯನದ್ದೋ, ಮನುಷ್ಯನದ್ದಾದರೆ ಯಾವ ಗುಂಪಿನದ್ದೋ ಹೇಳುವುದು ಅವಳ ಕೆಲಸ.

ಕಲೆಯಿಂದ ನಾಲ್ಕು ಎಳೆ ದಾರ ಬಿಡಿಸಿ ಪುಟ್ಟ ಗಾಜಿನ ಕೊಳವೆಗಳಿಗೆ ಹಾಕಬೇಕು. ಒಂದಕ್ಕೆ 'ಎ' ಗುಂಪನ್ನು ಹಿಡಿಯುವ ಸೀರಂ, ಇನ್ನೊಂದಕ್ಕೆ 'ಬಿ' ಗುಂಪನ್ನು ಹಿಡಿಯುವ ಸೀರಂ. ನೆನೆಸಿ, ತಣ್ಣನೆಯ ಉಪ್ಪುನೀರಲ್ಲಿ ಮತ್ತೆ ಮತ್ತೆ ತೊಳೆದು, ಹದವಾಗಿ ಬಿಸಿ ಮಾಡಿ, ತಾಜಾ ರಕ್ತಕಣ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಣಗಳು ಒಂದಕ್ಕೊಂದು ಅಂಟಿ ಮುದ್ದೆ ಕಟ್ಟಿದರೆ ಆ ಗುಂಪು ಇದೆ. ತಮ್ಮ ಪಾಡಿಗೆ ತಾವು ತೇಲುತ್ತಿದ್ದರೆ ಇಲ್ಲ.

ಆದರೆ ಬಟ್ಟೆ ಬಹಳ ಕಪಟಿ. ಅದರ ಗಂಜಿ, ಬಣ್ಣ, ಬೂಷ್ಟು, ಕೆಲವರ ಬೆವರು ಕೂಡ ರಕ್ತದ ಗುಂಪಿನ ವೇಷ ಹಾಕಿಕೊಂಡು ಬಂದು ಕೊಳವೆಯಲ್ಲಿ ಕೂರುವುದುಂಟು. ಅದಕ್ಕೇ ಒಂದು ನಿಯಮ: ಕಲೆ ಇರುವ ಕಡೆ ಒಂದು ತುಂಡು ಕತ್ತರಿಸಿದರೆ, ಕಲೆ ಇಲ್ಲದ ಕಡೆಯೂ ಒಂದು ತುಂಡು ಕತ್ತರಿಸಿ, ಎರಡಕ್ಕೂ ಒಂದೇ ಪರೀಕ್ಷೆ ಮಾಡಬೇಕು. ಕಲೆಯಿಲ್ಲದ ತುಂಡಿನಲ್ಲಿ ಏನೂ ಬರದಿದ್ದರೆ ಮಾತ್ರ ಕಲೆಯ ತುಂಡಿನ ಮಾತು ನಂಬಬಹುದು. ಉಳಿದವರಿಗೆ ಅದು ನಿಯಮವಾಗಿತ್ತು, ಎರಡು ತುಂಡಕ್ಕನಿಗೆ ಧರ್ಮವಾಗಿತ್ತು. ಆ ಹೆಸರನ್ನು ಇಟ್ಟವನು ಪ್ರಯೋಗಾಲಯದ ಗುಮಾಸ್ತ. ಹಿಂದಿನಿಂದ ಕರೆಯಲೆಂದು ಇಟ್ಟದ್ದು ಆರು ತಿಂಗಳಲ್ಲಿ ಮುಂದೆಯೇ ಕರೆಯುವ ಹೆಸರಾಯಿತು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಬೀದಿಗೆ ಒಂದು ಕಿಟಕಿ. ಬಾಯಲ್ಲಿ ಸದಾ ನಾಲ್ಕು ಗುಂಡುಪಿನ್ನು, ಆದರೂ ಮಾತಿಗೆ ಬರವಿಲ್ಲ. ಗಿರಾಕಿಗಳ ಮುಂದೆ ಅವನ ಕಾಯಂ ಮಾತು ಒಂದಿತ್ತು. "ನಮ್ಮ ಮನೇಲಿ ಇಬ್ಬರಿಗೂ ಕತ್ತರಿ ಕೆಲಸಾನೇ. ನಾನು ಬಟ್ಟೆ ಕತ್ತರಿಸಿ ಅಂಗಿ ಮಾಡ್ತೀನಿ, ನಮ್ಮವಳು ಅಂಗಿ ಕತ್ತರಿಸಿ ಬಟ್ಟೆ ಮಾಡ್ತಾಳೆ."

ಅವನಿಗೆ ಸಕ್ಕರೆ ಕಾಯಿಲೆ, ನಾಲಿಗೆಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಒಂದು ಸಲ ಅಕ್ಕ ಅಡುಗೆಮನೆಯ ನೆಲದಲ್ಲಿ ಮೂರು ಹನಿ ಜಾಮ್ ಕಂಡಳು. ಬಗ್ಗಿ ನೋಡಿದಳು. ಹನಿ ನೇರ ಬಿದ್ದರೆ ದುಂಡಗಿರುತ್ತದೆ, ನಡೆಯುವವನ ಕೈಯಿಂದ ಬಿದ್ದರೆ ಅವನು ಹೋದ ಕಡೆಗೆ ಬಾಲ ಚಾಚುತ್ತದೆ. ಮೂರೂ ಬಾಲಗಳು ಹೊಲಿಗೆ ಯಂತ್ರದ ಕಡೆ ಬೊಟ್ಟು ಮಾಡುತ್ತಿದ್ದವು. ಆರೋಪಿ ಬಾಯಲ್ಲಿ ಪಿನ್ನು ಇದೆಯೆಂಬ ನೆಪದಿಂದ ಹೇಳಿಕೆ ಕೊಡಲು ನಿರಾಕರಿಸಿದ.

ಇಂಥ ಮನೆಗೆ ಒಂದು ಸಂಜೆ ಅಕ್ಕ ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳಿಗೆ ಅವನ ಅಂಗಿಯನ್ನು ಹಿಂತಿರುಗಿಸಿದ್ದರು. ಕಲೆಯ ಜಾಗದಲ್ಲಿ ತೂತು, ಎದೆಯ ನಡುವೆ ಕಲೆಯಿಲ್ಲದ ಜಾಗದಲ್ಲೂ ತೂತು. ಆಕೆ ಎರಡನೆಯ ತೂತಿನಲ್ಲಿ ಬೆರಳಾಡಿಸುತ್ತ, ಇಲ್ಲಿ ಏನೂ ಆಗಿರಲಿಲ್ಲವಲ್ಲ, ಇದನ್ನು ಯಾಕೆ ಕತ್ತರಿಸಿದಿರಿ ಎಂದು ಕೇಳಿದ್ದಳು.

ದರ್ಜಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟ. ಹೊಲಿದ ಬಟ್ಟೆಗೆ ಕತ್ತರಿ ಹಾಕುವುದು ಅವನ ಲೆಕ್ಕದಲ್ಲಿ ಮಹಾಪಾಪ. "ಅಷ್ಟಕ್ಕೆ ಎದೆ ಮೇಲೆ ಯಾಕೆ ಕತ್ತರಿಸ್ತೀಯೇ? ಹಳೇ ಕಾಲದ ದರ್ಜಿಗಳು ಪಕ್ಕದ ಹೊಲಿಗೆ ಒಳಗೆ, ಕೆಳಗಡೆ, ಅಂಗೈಯಗಲ ಬಟ್ಟೆ ಮಡಿಸಿ ಹೊಲಿದಿರ್ತಾರೆ. ಮುಂದೆ ಹರಿದ್ರೆ ತೇಪೆಗೆ ಆಗಲಿ ಅಂತ. ಅದೂ ಅದೇ ಅಂಗಿ ಬಟ್ಟೇನೇ ತಾನೇ? ಅಲ್ಲಿಂದ ತಗೋ. ಅಂಗಿಗೂ ನೋವಿಲ್ಲ, ನಿನಗೂ ನೋವಿಲ್ಲ."

ಅಕ್ಕ ಅವನನ್ನು ಮೆಚ್ಚುಗೆಯಿಂದ ನೋಡಿದಳು. ನಿನ್ನೆ ಹೇಗಿದ್ದನೆಂದು ಹೋಲಿಸದೆ ಗಂಡನನ್ನು ಮೆಚ್ಚಿದ್ದು ಬಹುಶಃ ಅದೊಂದೇ ಸಲ.

ಎರಡು ತಿಂಗಳ ನಂತರ ಬೇಕರಿಯವನ ಅಂಗಿ ಬಂತು.

ಬೇಕರಿಯವನ ಪಕ್ಕದ ಅಂಗಡಿಯ ಹಿಟ್ಟಿನ ವ್ಯಾಪಾರಿ ತನ್ನ ಗೋದಾಮಿನಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಹಿಂದಿನ ದಿನವಷ್ಟೇ ಹುಳು ಬಿದ್ದ ಹಿಟ್ಟಿನ ವಿಷಯಕ್ಕೆ ಇಬ್ಬರಿಗೂ ಬೀದಿಯೆಲ್ಲ ಕೇಳುವ ಹಾಗೆ ಜಗಳವಾಗಿತ್ತು. ಪೊಲೀಸರು ಹೋದಾಗ ಬೇಕರಿಯವನ ಅಂಗಿಯ ಹೆಗಲಿನಲ್ಲಿ ಅಂಗೈಯಗಲ ರಕ್ತದ ಕಲೆ. ಅವನು ಹೇಳಿದ್ದು ಒಂದೇ ಮಾತು: ಅದು ತನ್ನ ಹೆಂಡತಿಯ ರಕ್ತ, ತಗಡಿನ ಡಬ್ಬದ ಮುಚ್ಚಳ ಕೊಯ್ದು ಅವಳ ಕೈ ಸೀಳಿತ್ತು.

ಅವನದು 'ಬಿ' ಗುಂಪು. ಹೆಂಡತಿಯದು 'ಎ'. ಸತ್ತವನದು 'ಎಬಿ', ನೂರು ಜನರಲ್ಲಿ ಹುಡುಕಿದರೆ ಕೆಲವರಲ್ಲಷ್ಟೇ ಸಿಗುವ ಗುಂಪು. ಕಲೆ ಏನು ಹೇಳುತ್ತದೆ ಎನ್ನುವುದರ ಮೇಲೆ ಒಬ್ಬ ಮನುಷ್ಯನ ಬದುಕು ನಿಂತಿತ್ತು.

ಅಕ್ಕ ಅಂಗಿಯನ್ನು ಬಿಳಿ ಕಾಗದದ ಮೇಲೆ ಹರಡಿದಳು. ಯಾರೋ ಹಳೇ ಕಾಲದ ದರ್ಜಿ ಹೊಲಿದ ಒಳ್ಳೆಯ ಅಂಗಿ. ಕಾಲರನ್ನು ಯಾರೋ ಬಿಚ್ಚಿ, ಸವೆದ ಬದಿಯನ್ನು ಒಳಗೆ ಮಾಡಿ, ಕೈಯಲ್ಲೇ ಮತ್ತೆ ಹೊಲಿದಿದ್ದರು. ಒಲೆಯ ಮುಂದೆ ದುಡಿದವನ ಅಂಗಿ, ಬೆವರು ಒಣಗಿ ಬೆನ್ನ ಮೇಲೆ ಬಿಳಿಯ ಉಪ್ಪಿನ ಗೆರೆಗಳು. ಕಲೆಯನ್ನು ಕತ್ತರಿಸುವಾಗ ಅವಳು ಎಂದಿನಂತೆ ಸುತ್ತ ಒಂದು ಬೆರಳಗಲ ಅಂಚು ಬಿಟ್ಟೇ ಕತ್ತರಿಸಿದಳು. ಹೊಲಿಗೆಗೆ ಅಂಚು ಬಿಡದೆ ಬಟ್ಟೆ ಕತ್ತರಿಸುವವನು ದರ್ಜಿಯೇ ಅಲ್ಲ ಎಂದು ಗಂಡ ದಿನವೂ ಹೇಳುವುದನ್ನು ಕೇಳಿ ಕೇಳಿ ಅವಳ ಕೈಗೂ ಅದು ಬಂದುಬಿಟ್ಟಿತ್ತು. ಆಮೇಲೆ ಅಂಗಿಯ ಪಕ್ಕದ ಹೊಲಿಗೆಯನ್ನು ತಡವಿದಳು. ಕೆಳಗಡೆ, ಮಡಿಕೆಯ ಒಳಗೆ, ಇತ್ತು ಆ ತುಂಡು. ನಾಲ್ಕು ಹೊಲಿಗೆ ಬಿಚ್ಚಿ ಅದನ್ನು ತೆಗೆದಳು. ಅಂಗಿಗೆ ನೋವಾಗಲಿಲ್ಲ.

ಕಲೆಯ ತುಂಡಿನಲ್ಲಿ 'ಎ' ಬಂತು, 'ಬಿ'ಯೂ ಬಂತು. ಕಲೆಯಿಲ್ಲದ ತುಂಡಿನಲ್ಲಿ ಏನೂ ಬರಲಿಲ್ಲ. ವರದಿ: 'ಎಬಿ'.

ಕೋರ್ಟಿನಲ್ಲಿ ಬೇಕರಿಯವನ ವಕೀಲ ಬಡಪಾಯಿ. ಆದರೂ ಕೇಳಬೇಕಾದ್ದನ್ನು ಕೇಳಿದ. "ಕಲೆ ಇಲ್ಲದ ಜಾಗಾನೂ ಪರೀಕ್ಷೆ ಮಾಡಿದ್ರಾ ಮೇಡಂ?"

"ಮಾಡಿದೀನಿ."

"ಏನು ಬಂತು?"

"ಏನೂ ಬರಲಿಲ್ಲ."

ಕಡ್ಡಿ ಮುರಿದ ಹಾಗಿತ್ತು ಉತ್ತರ. ವಕೀಲ ಕೂತುಬಿಟ್ಟ. ಆ ತುಂಡನ್ನು ಎಲ್ಲಿಂದ ಕತ್ತರಿಸಿದಿರಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅಕ್ಕ ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಬೇಕರಿಯವನು ಕಟಕಟೆಯಲ್ಲಿ ನಿಂತು ತನ್ನ ಹೆಗಲನ್ನೊಮ್ಮೆ ನೋಡಿಕೊಂಡ, ಅಂಗಿ ಇನ್ನೂ ಅಲ್ಲೇ ಇದೆಯೇನೋ ಎನ್ನುವಂತೆ. ಜೀವಾವಧಿ ಆಯಿತು.

ತೀರ್ಪಾದ ವಾರಕ್ಕೆ ಅವನ ಹೆಂಡತಿ ಪ್ರಯೋಗಾಲಯದ ಮೆಟ್ಟಿಲು ಹತ್ತಿ ಬಂದಳು. ಕಾವಲುಗಾರ ತಡೆದದ್ದನ್ನು ಲೆಕ್ಕಿಸದೆ ಒಳಗೆ ಬಂದು, ಅಕ್ಕನ ಮೇಜಿನ ಮೇಲೆ ಎಡಗೈಯನ್ನು ಅಂಗಾತ ಇಟ್ಟಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಗಾಯದ ಗುರುತು.

"ಇದೇ ಅಕ್ಕಾ. ಅವರು ನನ್ನ ಕೈ ಹಿಡಿದು ಹೆಗಲಿಗೆ ಒತ್ಕೊಂಡ್ರು, ರಕ್ತ ನಿಲ್ಲೋ ತನಕ ಬಿಡಲಿಲ್ಲ. ಬೇಕಾದ್ರೆ ಇನ್ನೊಂದು ಸಲ ನನ್ನ ರಕ್ತ ತಗೊಂಡು ನೋಡಿ."

"ನಿಮ್ಮದು ಎ, ಅಂಗಿ ಮೇಲಿರೋದು ಎಬಿ. ನಾನೇನು ಮಾಡ್ಲಿ ತಂಗಿ? ಅಂಗಿ ಹೇಳಿದ್ದನ್ನ ನಾನು ಹೇಳಿದೀನಿ."

"ಅಂಗಿ ತಪ್ಪು ಹೇಳಿದ್ರೆ?"

"ಅಂಗಿ ತಪ್ಪು ಹೇಳಲ್ಲ."

ಆಕೆ ಮೇಜಿನ ಮೇಲಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಹೋದಳು.

ಹನ್ನೊಂದು ವರ್ಷ ಕಳೆಯಿತು. ಪ್ರಯೋಗಾಲಯಕ್ಕೆ ಡಿಎನ್‌ಎ ಪರೀಕ್ಷೆಯ ಹೊಸ ವಿಭಾಗ ಬಂತು, ಅಲ್ಲಿನ ಹುಡುಗಿಯರು ಅಕ್ಕನ ಗಾಜಿನ ಕೊಳವೆಗಳನ್ನು ಅಜ್ಜಿಯ ಪಾತ್ರೆಗಳನ್ನು ನೋಡುವ ಹಾಗೆ ಅಕ್ಕರೆಯಿಂದ ನೋಡತೊಡಗಿದರು. ಮಗಳು ಮದುವೆಯಾಗಿ ಹೋದಳು, ಥರ್ಮಾಮೀಟರಿಗೆ ದರ್ಜಿಯೊಬ್ಬನೇ ಉಳಿದ. ಅಕ್ಕನ ನಿವೃತ್ತಿಗೆ ಮೂರು ತಿಂಗಳಿತ್ತು.

ಒಂದು ಭಾನುವಾರ ಮಧ್ಯಾಹ್ನ ದರ್ಜಿಯ ಸ್ವಂತ ಅಂಗಿ ಮೊಣಕೈ ಹತ್ತಿರ ಹರಿಯಿತು. ಊರಿಗೆಲ್ಲ ಹೊಸ ಅಂಗಿ ಹೊಲಿಯುವ ಮಹಾನುಭಾವ ತಾನು ಮಾತ್ರ ಒಂದೇ ನೀಲಿ ಅಂಗಿಯನ್ನು ಹತ್ತು ವರ್ಷದಿಂದ ಎಳೆಯುತ್ತಿದ್ದ. ಯಂತ್ರದ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪಕ್ಕದ ಹೊಲಿಗೆ ಬಿಚ್ಚಿ, ಒಳಗಿದ್ದ ತೇಪೆಯ ತುಂಡನ್ನು ಹೊರಗೆಳೆದ. ಹರಿದ ಜಾಗದ ಮೇಲೆ ಇಟ್ಟು ನೋಡಿದ. ನಗು ಬಂತು. ಅಂಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ತುಂಡು ಕಡುನೀಲಿ.

"ಲೇ, ಇಲ್ಲಿ ನೋಡು. ಅಂಗಿಗೆ ಮುಪ್ಪು ಬಂತು, ಇದು ಮಾತ್ರ ಇನ್ನೂ ಮದುಮಗನ ಹಾಗಿದೆ. ಬಿಸಿಲು ಕಂಡಿಲ್ಲ, ಬೆವರು ಕುಡಿದಿಲ್ಲ, ಸುಖವಾಗಿ ಒಳಗೇ ಮಲಗಿತ್ತು."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬಂದು ಆ ತುಂಡನ್ನು ಅವನ ಕೈಯಿಂದ ತೆಗೆದುಕೊಂಡಳು. ಕಾಲರಿನ ಪಕ್ಕ ಇಟ್ಟಳು. ಕಂಕುಳಿನ ಪಕ್ಕ ಇಟ್ಟಳು.

"ಇದಕ್ಕೆ ಬೆವರು ತಾಗೋದೇ ಇಲ್ವಾ ರೀ?"

"ಹೇಗೆ ತಾಗತ್ತೆ? ಕೆಳಗೆ ಎರಡು ಮಡಿಕೆ ಒಳಗಿರತ್ತೆ. ನಾನು ಬೆವರೋದು ಹೆಗಲಲ್ಲಿ."

ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಹಾಲು ಉಕ್ಕಿದ್ದು ಅದೇ ಮೊದಲು. ದರ್ಜಿಯೇ ಓಡಿಹೋಗಿ ಒಲೆ ಆರಿಸಿದ. ಅಕ್ಕ ಆ ನೀಲಿ ತುಂಡನ್ನು ಹಿಡಿದುಕೊಂಡು ನಿಂತೇ ಇದ್ದಳು.

ಲೆಕ್ಕ ಎಳೆಯ ಮಕ್ಕಳದ್ದು. ಬೇಕರಿಯವನು 'ಬಿ'. ಅವನ ಬೆವರಿನಲ್ಲೂ 'ಬಿ' ಇದ್ದಿದ್ದರೆ ಹೆಗಲಿನ ಬಟ್ಟೆಯ ತುಂಬ 'ಬಿ'. ಅದರ ಮೇಲೆ ಹೆಂಡತಿಯ 'ಎ' ರಕ್ತ. ಎರಡೂ ಒಂದೇ ಕೊಳವೆಗೆ ಬಿದ್ದರೆ 'ಎಬಿ'. ಹೆಗಲಿನ ಪಕ್ಕದಿಂದಲೇ ಕಲೆಯಿಲ್ಲದ ತುಂಡು ಕತ್ತರಿಸಿದ್ದರೆ ಆ 'ಬಿ' ಅಲ್ಲೇ ಸಿಕ್ಕಿಬೀಳುತ್ತಿತ್ತು. ಅವಳು ಕತ್ತರಿಸಿದ್ದು ಅಂಗಿಯಲ್ಲಿ ಬೆವರೇ ಮುಟ್ಟದ ಒಂದೇ ಜಾಗದಿಂದ.

ಸೋಮವಾರ ಬೆಳಗ್ಗೆ ಹಳೆಯ ಬೀರು ತೆಗೆದಳು. ಅಂಗಿ ಎಂದೋ ಕೋರ್ಟಿನ ಉಗ್ರಾಣ ಸೇರಿತ್ತು, ಆದರೆ ಪರೀಕ್ಷೆಗೆ ಬಳಸಿ ಉಳಿದ ಕಲೆಯ ತುಂಡು ಲಕೋಟೆಯಲ್ಲಿ ಹಾಗೇ ಇತ್ತು. ಸುತ್ತ ಒಂದು ಬೆರಳಗಲ ಅಂಚು, ಕಲೆಯಿಲ್ಲದ್ದು, ಹೆಗಲಿನದ್ದು. ಗಂಡನ ಒಂದು ಮಾತು ಕೇಳಿ ಕೆಟ್ಟದ್ದನ್ನು ಗಂಡನ ಇನ್ನೊಂದು ಮಾತು ಹನ್ನೊಂದು ವರ್ಷ ಕಾಪಾಡಿಕೊಂಡು ಬಂದಿತ್ತು.

ಅಂಚಿನಿಂದ ಎಳೆ ಬಿಡಿಸಿ, ನೆನೆಸಿ, ತೊಳೆದು, ಬಿಸಿ ಮಾಡಿ ನೋಡಿದಳು. 'ಎ' ಕೊಳವೆಯಲ್ಲಿ ಕಣಗಳು ಸುಮ್ಮನೆ ತೇಲುತ್ತಿದ್ದವು. 'ಬಿ' ಕೊಳವೆಯಲ್ಲಿ, ತಡವಾಗಿ ಬಂದು ಜಾಗಕ್ಕೆ ಒತ್ತರಿಸುವ ನೆಂಟರ ಹಾಗೆ, ಮುದ್ದೆ ಮುದ್ದೆಯಾಗಿ ಕೂತಿದ್ದವು. ಮತ್ತೆ ಮಾಡಿದಳು. ಐದು ಸಲ ಮಾಡಿದಳು. ಅಳಲಿಲ್ಲ. ಕೊಳವೆಗಳನ್ನೆಲ್ಲ ತೊಳೆದು ಬೋರಲು ಹಾಕಿ ದೊಡ್ಡ ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಕೆಟ್ಟವರಲ್ಲ. ಎಲ್ಲ ಕೇಳಿ ತಾವೇ ಎದ್ದು ನೀರು ತಂದುಕೊಟ್ಟರು. ಆಮೇಲೆ ಬಾಗಿಲು ಹಾಕಿ ತಗ್ಗಿದ ದನಿಯಲ್ಲಿ, ಇದನ್ನು ಬರೆದು ಕೊಟ್ಟರೆ ಮೂವತ್ತು ವರ್ಷದ ವರದಿಗಳನ್ನೆಲ್ಲ ವಕೀಲರು ಎಳೆದಾಡುತ್ತಾರೆ, ಮೂರು ತಿಂಗಳು ಸುಮ್ಮನೆ ಕಳೆದುಬಿಡಿ ಎಂದರು.

"ಎಳೀಲಿ ಸರ್. ನಾನೂ ಎಳೆದು ನೋಡಿದೀನಿ. ಹೊಲಿಗೆ ಒಳಗಿಂದ ತಗೊಂಡಿದ್ದು ಅದೊಂದೇ. ಆಮೇಲೆ ಬಂದ ಅಂಗಿಗಳೆಲ್ಲ ರೆಡಿಮೇಡ್, ಒಳಗೆ ಏನೂ ಇರ್ತಿರಲಿಲ್ಲ."

ಬೇಕರಿಯವನ ಬೆವರು ಇಂಥದ್ದೇ ಎಂದು ಖಚಿತ ಮಾಡಿಕೊಳ್ಳಲು ಅವನ ಜೊಲ್ಲಿನ ಮಾದರಿ ಬೇಕಿತ್ತು, ಬೆವರಿನಲ್ಲಿ ಗುಂಪು ಇರುವವರ ಜೊಲ್ಲಿನಲ್ಲೂ ಅದು ಇರುತ್ತದೆ. ಜೈಲಿಗೆ ಪತ್ರ ಹೋಯಿತು. ಆ ದಿನಗಳಲ್ಲಿ ಅಕ್ಕ ಮನಸ್ಸಿನಲ್ಲೇ ಅವನನ್ನು ಬಿಡಿಸಿ ಕರೆತಂದುಬಿಟ್ಟಿದ್ದಳು. ಗೇಟಿನಲ್ಲಿ ಅವನು ಏನು ಹೇಳಬಹುದು, ತಾನು ಏನು ಹೇಳಬೇಕು, ಅವನು ಉಗಿದರೆ ಒರೆಸಿಕೊಳ್ಳಬಾರದು, ಇದನ್ನೆಲ್ಲ ತೀರ್ಮಾನಿಸಿಕೊಂಡಿದ್ದಳು. ಹನ್ನೆರಡನೆಯ ದಿನ ಉತ್ತರ ಬಂತು. ಸದರಿ ಬಂದಿಯು ಹತ್ತೊಂಬತ್ತು ತಿಂಗಳ ಹಿಂದೆ ಶ್ವಾಸಕೋಶದ ಕಾಯಿಲೆಯಿಂದ ಮೃತಪಟ್ಟಿರುವುದರಿಂದ ಮಾದರಿ ಒದಗಿಸಲು ಸಾಧ್ಯವಿಲ್ಲ. ಕೊನೆಯವರೆಗೂ ಅವನು ಜೈಲಿನ ಬೇಕರಿಯಲ್ಲೇ ಕೆಲಸ ಮಾಡುತ್ತಿದ್ದನೆಂದು ಆಮೇಲೆ ತಿಳಿಯಿತು.

ಸಾಹೇಬರು ಪತ್ರ ಓದಿ ಮಡಿಸಿದರು. "ಇನ್ನು ಯಾರಿಗೋಸ್ಕರ?"

"ವರದಿ ತಪ್ಪಿದೆ ಸರ್. ಕೆಳಗೆ ನನ್ನ ಸಹಿ ಇದೆ."

ಬೇಕರಿ ಇದ್ದ ಜಾಗದಲ್ಲಿ ಈಗ ಫೋನ್ ರಿಪೇರಿ ಅಂಗಡಿ. ವಿಚಾರಿಸುತ್ತ ವಿಚಾರಿಸುತ್ತ ಅಕ್ಕ ಅವನ ಹೆಂಡತಿಯನ್ನು ಒಂದು ಹಾಸ್ಟೆಲಿನ ಅಡುಗೆಮನೆಯ ಹಿಂದೆ ಕಂಡಳು. ಆಕೆ ದೊಡ್ಡ ಪಾತ್ರೆಯೊಂದರೊಳಗೆ ಅರ್ಧ ಇಳಿದು ತಳ ಉಜ್ಜುತ್ತಿದ್ದಳು. ಆಕೆಗೆ ಅಕ್ಕನ ಗುರುತು ಸಿಕ್ಕಿತು. ಅಕ್ಕ ನಿಂತಲ್ಲೇ ನಿಂತು ಎಲ್ಲ ಹೇಳಿದಳು: ಹೊಲಿಗೆ, ಒಳಗಿನ ತುಂಡು, ಬೆವರು. ಹೇಳಿ ಮುಗಿಯುವ ಹೊತ್ತಿಗೆ ಆಕೆ ಕೈಯ ಮಸಿಯನ್ನು ತೊಳೆದು, ಸೀರೆಯ ಸೆರಗಿನಲ್ಲಿ ಒರೆಸಿಕೊಂಡು, ಎಡಗೈ ಚಾಚಿದ್ದಳು.

"ಆವತ್ತೇ ಕೊಡ್ತೀನಿ ಅಂದೆ."

ಹೊಸ ವಿಭಾಗದವರು ಕಲೆಯನ್ನೂ ಆಕೆಯ ರಕ್ತವನ್ನೂ ಹೋಲಿಸಿದರು. ಕಲೆ ಆಕೆಯದೇ. ಹಿಟ್ಟಿನ ವ್ಯಾಪಾರಿಯ ಒಂದು ಹನಿಯೂ ಆ ಅಂಗಿಯ ಮೇಲೆ ಬಿದ್ದಿರಲಿಲ್ಲ. ಅವನನ್ನು ಕೊಂದದ್ದು ಯಾರೆಂಬುದು ಇವತ್ತಿಗೂ ಗೊತ್ತಿಲ್ಲ.

ಅಕ್ಕ ಮತ್ತೆ ಸಾಕ್ಷಿ ಹೇಳಲು ಹೋದಳು, ಈ ಸಲ ತನ್ನ ವಿರುದ್ಧ. ಕಲೆಯಿಲ್ಲದ ತುಂಡನ್ನು ಎಲ್ಲಿಂದ ತೆಗೆದಿರಿ ಎಂದು ಹನ್ನೊಂದು ವರ್ಷ ತಡವಾಗಿ ಒಬ್ಬರು ಕೇಳಿದರು, ನ್ಯಾಯಾಧೀಶರು.

"ಹೊಲಿಗೆ ಒಳಗಿಂದ."

"ಯಾಕೆ?"

"ಅಂಗಿ ಹಾಳಾಗಬಾರದು ಅಂತ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಕ್ಕ ತಲೆ ಎತ್ತಿಯೇ ನಿಂತಿದ್ದಳು. ಹಾಗೆ ಮಾಡಲು ನಿಮಗೆ ಯಾರು ಹೇಳಿಕೊಟ್ಟರು ಎಂದು ನ್ಯಾಯಾಧೀಶರು ಕೇಳಿದಾಗ ಮಾತ್ರ ಅವಳು ಒಂದು ಉಸಿರು ತಡೆದಳು.

"ಯಾರೂ ಇಲ್ಲ. ನನಗೇ ಹೊಳೀತು."

ಕಲ್ಲಂಗಡಿಯನ್ನೂ ಎರಡು ಕಡೆ ಕೊಯ್ಯಿಸಿದ ಆ ಮಹಾಸಾಧ್ವಿ ಜೀವಮಾನದಲ್ಲಿ, ಅದೂ ಪ್ರಮಾಣ ಮಾಡಿ, ಹೇಳಿದ ಒಂದೇ ಒಂದು ಸುಳ್ಳು ಅದು.

ಸಂಜೆ ದರ್ಜಿ ಕಿಟಕಿಯ ಹತ್ತಿರ ಕಾಯುತ್ತಿದ್ದ. ಎಲ್ಲಿಂದ ತೆಗೆದೆ ಎಂದು ಕೇಳಿದರಾ ಎಂದ. ಕೇಳಿದರು ಎಂದಳು. ಯಾರು ಹೇಳಿಕೊಟ್ಟರು ಎಂದು ಕೇಳಿದರಾ ಎಂದ. ಅದನ್ನು ಕೇಳಲಿಲ್ಲ ಎಂದಳು. ಅಲ್ಲಿಗೆ ಸುಳ್ಳು ಎರಡಾದವು. ಅವನು ತಲೆಯಾಡಿಸಿ ಪಿನ್ನುಗಳನ್ನು ಬಾಯಿಗೆ ಹಾಕಿಕೊಂಡ. ನಾಲ್ಕು ದಿನ ಅವನ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ. ಆಮೇಲೆ ಹೊಲಿದ ಯಾವ ಅಂಗಿಗೂ ಅವನು ಒಳಗೆ ತೇಪೆಯ ತುಂಡು ಇಡಲಿಲ್ಲ. ಹಳೆಯ ಗಿರಾಕಿಯೊಬ್ಬ ತಡವಿ ನೋಡಿ, ಎಲ್ಲಿ ಹೋಯಿತು ಎಂದು ಗೊಣಗಿದಾಗ, ಬೇಡ ಬಿಡಿ, ಅದು ಸುಮ್ಮನೆ ಭಾರ ಎಂದ. ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕನಿಗೆ ಕೇಳಿಸಿತು. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

ಬೇಕರಿಯವನು ನಿರಪರಾಧಿಯೆಂದು ಕೋರ್ಟು ಮೂರು ಸಾಲು ಬರೆದು ಕೊಟ್ಟಿತು. ಸುದ್ದಿ ಬೀದಿಗೆ ಬಿದ್ದದ್ದೇ ತಡ, ಅಕ್ಕನ ಕಥೆಗೆ ರೆಕ್ಕೆಪುಕ್ಕ ಹುಟ್ಟಿದವು. ಬೇಕರಿಯವನ ಆತ್ಮ ಮೂರು ದಿನ ಕನಸಿನಲ್ಲಿ ಬಂದು ಅತ್ತಿತಂತೆ. ಬೀರುವಿನೊಳಗಿನ ಲಕೋಟೆ ತಾನಾಗಿ ಅವಳ ಕಾಲಿನ ಮುಂದೆ ಬಿದ್ದಿತಂತೆ. ಕಲೆ ಹನ್ನೊಂದು ವರ್ಷವಾದರೂ ಒಣಗಿರಲಿಲ್ಲವಂತೆ. ಕಲ್ಲಂಗಡಿಯವನು ಕೂಡ ಗಿರಾಕಿಗಳ ಮುಂದೆ, ಆ ತಾಯಿ ಸಾಮಾನ್ಯರಲ್ಲ, ಹಣ್ಣಿನ ಮೇಲೆ ಕೈಯಿಟ್ಟರೆ ಒಳಗಿನ ಬಣ್ಣ ಹೇಳುತ್ತಾರೆ ಎಂದು ಶುರುಮಾಡಿದ್ದ. ನಿವೃತ್ತಿಯ ದಿನ ಚಹಾ ಬಿಸ್ಕತ್ತಿನ ನಡುವೆ ಸಾಹೇಬರು, ಸತ್ಯದ ಕರೆಗೆ ಓಗೊಟ್ಟ ಮಹಾಚೇತನ ಎಂದು ಕಾಲು ಗಂಟೆ ಹೊಗಳಿದರು. ಆ ಮಹಾಚೇತನ ಕೈಯಲ್ಲಿದ್ದ ಬಿಸ್ಕತ್ತನ್ನು ತಿನ್ನದೆ ಹಿಡಿದುಕೊಂಡು ಕೂತಿತ್ತು.

ಚೀಲ ಹಿಡಿದು ಮೆಟ್ಟಿಲಿಳಿದಾಗ ಗೇಟಿನ ಹತ್ತಿರ ಬೇಕರಿಯವನ ಹೆಂಡತಿ ನಿಂತಿದ್ದಳು. ಕೋರ್ಟಿನ ಉಗ್ರಾಣದಿಂದ ಅಂಗಿಯನ್ನು ಕೊಟ್ಟಿದ್ದರು. ಆಕೆ ಅದನ್ನು ಕಾಗದದಿಂದ ಬಿಡಿಸಿ ತೋರಿಸಿದಳು. ಹೆಗಲಿನಲ್ಲಿ ಒಂದು ತೂತು, ಉಳಿದಂತೆ ಅಂಗಿಗೆ ಏನೂ ಆಗಿರಲಿಲ್ಲ. ಎದೆ, ತೋಳು, ತಾನೇ ತಿರುವಿ ಹೊಲಿದ ಕಾಲರು, ಎಲ್ಲ ಸರಿಯಾಗಿತ್ತು. ಪಕ್ಕದ ಹೊಲಿಗೆ ನಾಲ್ಕು ಬೆರಳಷ್ಟು ಬಿಚ್ಚಿಕೊಂಡಿತ್ತು, ಅಷ್ಟೇ. ಅಕ್ಕ ಆ ಬಿಚ್ಚಿದ ಜಾಗದ ಮೇಲೆ ಕೈಯಿಟ್ಟಳು. ಕೈ ತೆಗೆಯಲಾಗಲಿಲ್ಲ.

ಇಬ್ಬರೂ ಅಂಗಿಯನ್ನು ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ಹಿಡಿದುಕೊಂಡು ನಿಂತಿದ್ದರು. ಆಕೆ ಕೇಳಿದಳು.

"ಇಷ್ಟು ವರ್ಷ ಆದ್ಮೇಲೆ ಹೇಗೆ ಗೊತ್ತಾಯ್ತು ಅಕ್ಕಾ? ಜನ ಏನೇನೋ ಹೇಳ್ತಾರೆ. ಅವರು ನಿಜವಾಗಿ ನಿಮ್ಮ ಕನಸಲ್ಲಿ ಬಂದಿದ್ರಾ? ಏನಾದ್ರೂ ಹೇಳಿದ್ರಾ?"

"ಇಲ್ಲ ಕಣಮ್ಮ" ಎಂದಳು ಎರಡು ತುಂಡಕ್ಕ. "ನಮ್ಮ ಮನೆಯವರ ಅಂಗಿ ಮೊಣಕೈ ಹತ್ರ ಹರಿದಿತ್ತು."